ಯಾರ ಕಡೆಯವರು?

(ವಾಚನಾಲಯದ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ವಾಚನಾಲಯದಲ್ಲಿ ಮತದ ಮಾತು ಬೇಡವೆಂದು ಕೆಲವರ ಅಭಿಪ್ರಾಯ. ಮತಪ್ರಚಾರಕ್ಕೆ ಇದು ಸ್ಥಳವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ನಮ್ಮ ಸದಸ್ಯರಲ್ಲಿ ಬೀದರ, ಕಲಬುರ್ಗಿ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಹೈದರಾಬಾದಿಗೆ ಬಂದ ಕ್ರೈಸ್ತ ಬಂಧುಗಳಿದ್ದಾರೆ. ಊರಿನಿಂದ ಹೊಸದಾಗಿ ಬಂದವನನ್ನು ಅವರವರಲ್ಲಿಯೇ ಮೊದಲು ಕೇಳುವುದು, ‘ನೀವು ಯಾವ ಸಭೆಯವರು, ಯಾರ ಕಡೆಯವರು?’ ಎಂದು. ಹೆಣ್ಣು ಕೊಡುವುದು ತರುವುದು, ಕಷ್ಟಕ್ಕೆ ಕೈಗಡ, ಕಡೆಗೆ ಹೆಣಕ್ಕೆ ಹೆಗಲು ಕೊಡುವ ಜನ, ಎಲ್ಲವೂ ಆ ಉತ್ತರದ ಮೇಲೆ ನಿಲ್ಲುವುದುಂಟು. ಉಳಿದವರಾದ ನಮ್ಮಲ್ಲಿ ಈ ಪ್ರಶ್ನೆ ಇಲ್ಲವೆಂದು ಎದೆ ತಟ್ಟಿ ಹೇಳುವವರು ಯಾರು? ಮಠ, ಗುರು, ಪಂಗಡ, ಮುಂದಾಳು ಎಂಬ ಹೆಸರಿನಲ್ಲಿ ನಮಗೂ ಅದು ಇದ್ದದ್ದೇ.

ಜಗಳ ಹಳೆಯದು. ಕ್ರಿಸ್ತನು ಕಾಲವಾಗಿ ಇಪ್ಪತ್ತು ಇಪ್ಪತ್ತೈದು ವರ್ಷವಾಗುವಷ್ಟರಲ್ಲಿಯೇ ಗ್ರೀಸ್ ದೇಶದ ಕೊರಿಂಥ ಪಟ್ಟಣದ ಭಕ್ತರು ಪೌಲನ ಕಡೆ, ಅಪೊಲ್ಲೋಸನ ಕಡೆ, ಕೇಫನ ಕಡೆ ಎಂದು ಒಡೆದಿದ್ದರು. ಅವರನ್ನು ಗದರಿಸಿ ಕಾಗದ ಬರೆದವನು ಪೌಲನೇ. ತನ್ನ ಕಡೆಯವರೆನ್ನಿಸಿಕೊಂಡವರನ್ನೂ ಅವನು ಬಿಡಲಿಲ್ಲ. ಜರ್ಮನಿಯ ಲೂಥರನು 1522ರಲ್ಲಿ ತನ್ನ ಹೆಸರನ್ನು ಇಟ್ಟುಕೊಳ್ಳಬೇಡಿರೆಂದು ಅನುಯಾಯಿಗಳನ್ನು ಬೇಡಿಕೊಂಡನು. ಅವನ ಮಾತನ್ನೆಲ್ಲ ಕೇಳಿದ ಜನ ಈ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ಮೆಥಡಿಸ್ಟ್ ಎಂಬುದಂತೂ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವೆಸ್ಲಿ ಸೋದರರನ್ನೂ ಅವರ ಗೆಳೆಯರನ್ನೂ ಹಾಸ್ಯಮಾಡಲು ಹುಟ್ಟಿದ ಅಡ್ಡಹೆಸರು.

ಈ ಹೆಸರುಗಳು ನಮ್ಮ ನಾಡಿಗೆ ಬಂದ ರೀತಿಯನ್ನು ನೋಡೋಣ. ಬಳ್ಳಾರಿಗೆ ಲಂಡನ್ ಮಿಷನ್ನಿನವರು ಬಂದರು. ಮೈಸೂರು, ತುಮಕೂರು ಕಡೆಗೆ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್, ಬಳಿಕ ಧಾರವಾಡಕ್ಕೂ ಅದೇ. ಬೀದರ, ಕಲಬುರ್ಗಿಗೆ ಅಮೆರಿಕದ ಮೆಥಡಿಸ್ಟರು. ಮಾತನಾಡುವುದೆಲ್ಲ ಒಂದೇ ಕನ್ನಡ, ಓದುವುದು ಒಂದೇ ವೇದಪುಸ್ತಕ. ಆದರೂ ಒಬ್ಬನು ಹೀಗೆ, ಇನ್ನೊಬ್ಬನು ಹಾಗೆ. ಇವರಲ್ಲಿ ಯಾರೂ ತಮ್ಮ ಸಭೆಯನ್ನು ವಿಚಾರಮಾಡಿ ಆರಿಸಿಕೊಂಡವರಲ್ಲ. ತಾತನ ಹೊಲ ಯಾವ ಮಿಷನ್ನಿನ ಸರಹದ್ದಿನಲ್ಲಿತ್ತೋ ಅದೇ ಮೊಮ್ಮಗನ ಪಂಗಡವಾಯಿತು. ಇಂಗ್ಲೆಂಡಿನಲ್ಲಿ ಇನ್ನೂರು ಮುನ್ನೂರು ವರ್ಷಗಳ ಹಿಂದೆ ನಡೆದ ವ್ಯಾಜ್ಯವೊಂದಕ್ಕೆ ಬೀದರಿನ ರೈತನು ವಾರಸುದಾರನಾದನು!

ಇದು ಸಲ್ಲದೆಂದು ಗಟ್ಟಿಯಾಗಿ ಹೇಳಿದವರು ನಮ್ಮ ಈ ನಿಜಾಮರ ಸೀಮೆಯಲ್ಲಿಯೇ ದುಡಿದ ವಿ. ಎಸ್. ಅಜರಯ್ಯನವರು. ತಮಿಳುನಾಡಿನವರು, 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾದರು. ಆಂಗ್ಲಿಕನ್ ಸಭೆಗೆ ಭಾರತೀಯ ಬಿಷಪ್ಪರು ಅವರೇ ಮೊದಲು. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಪಾದ್ರಿಗಳು, ಬಹುತೇಕ ಭಾರತೀಯರೇ, ಕೂಡಿ ಒಂದು ಹೇಳಿಕೆ ಹೊರಡಿಸಿದರು. ಪರರು ಹೊರಿಸಿದ ಭೇದಗಳನ್ನು ನಾವೇಕೆ ಹೊರಬೇಕು ಎಂಬುದು ಅದರ ತಾತ್ಪರ್ಯ.

ಮಾತು ಮುಗಿದು ಕೆಲಸವಾಗಲು 28 ವರ್ಷ ಬೇಕಾಯಿತು. ತೊಡಕು ದೇವರ ವಿಷಯದಲ್ಲಿ ಅಷ್ಟಾಗಿ ಇರಲಿಲ್ಲ, ಬಿಷಪ್ಪರ ವಿಷಯದಲ್ಲಿತ್ತು. ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದ ಪಾದ್ರಿ ಪಾದ್ರಿಯೇ ಅಲ್ಲವೆಂದು ಒಂದು ಪಕ್ಷ; ಬಿಷಪ್ಪರ ಅಧಿಕಾರವೇ ನಮಗೆ ಬೇಡವೆಂದು ಮತ್ತೊಂದು ಪಕ್ಷ. ಕಡೆಗೆ ಬಿಷಪ್ಪರು ಇರತಕ್ಕದ್ದು, ಆದರೆ ಈಗಿರುವ ಯಾವ ಪಾದ್ರಿಗೂ ಮತ್ತೆ ದೀಕ್ಷೆ ಬೇಡ ಎಂದು ತೀರ್ಮಾನವಾಯಿತು. ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅಂದು ಕೊಟ್ಟ ಒಂದು ವಚನ. ರೂಢಿಯಲ್ಲಿಲ್ಲದ ಆರಾಧನೆಯ ಕ್ರಮವನ್ನಾಗಲಿ, ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನಾಗಲಿ ಯಾವ ಊರಿನ ಸಭೆಯ ಮೇಲೂ ಹೇರುವುದಿಲ್ಲವೆಂದು ಅವರು ಒಪ್ಪಿಕೊಂಡರು. ಒಂದಾಗಬೇಕಾದರೆ ಎಲ್ಲರೂ ಒಂದೇ ಪಡಿಯಚ್ಚಾಗಬೇಕೆಂಬ ಹಟವನ್ನು ಬಿಟ್ಟದ್ದರಿಂದಲೇ ಕಾರ್ಯ ಕೈಗೂಡಿತೆಂದು ನಮ್ಮ ಎಣಿಕೆ. ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಜರಯ್ಯನವರು ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು.

ಪೂರ್ತಿ ಒಂದಾಯಿತೆಂದು ತಿಳಿಯಬೇಡಿ. ಮೈಸೂರಿನ, ಮೆದಕ್ಕಿನ ವೆಸ್ಲಿಯನ್ನರು ಕೂಡಿಕೊಂಡರು. ಬೀದರಿನ ಅಮೆರಿಕನ್ ಮೆಥಡಿಸ್ಟರು ಹೊರಗುಳಿದರು. ಇಬ್ಬರಿಗೂ ಮೂಲಪುರುಷ ವೆಸ್ಲಿಯೇ! ಬೀದರಿನವನು ಈ ಊರಿಗೆ ಬಂದು ಮೊದಲ ಭಾನುವಾರ ಕಕ್ಕಾಬಿಕ್ಕಿಯಾದರೆ ಅದು ಅವನ ತಪ್ಪಲ್ಲ.

ನಮ್ಮ ಊರಿನಲ್ಲಿಯೇ ಇನ್ನೊಂದು ದಾರಿ ಹಿಡಿದವರು ಬಖ್ತ್ ಸಿಂಗರು. 1903ರಲ್ಲಿ ಪಂಜಾಬಿನ ಸಿಖ್ ಮನೆತನದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಲು ಹೊರದೇಶಕ್ಕೆ ಹೋಗಿ, ಕೆನಡಾದಲ್ಲಿ ಕ್ರೈಸ್ತರಾಗಿ, 1933ರಲ್ಲಿ ತಿರುಗಿ ಬಂದವರು. ಪಂಗಡಗಳನ್ನು ಜೋಡಿಸುವ ಗೋಜು ಅವರಿಗೆ ಬೇಡವಾಗಿತ್ತು, ಪಂಗಡವೇ ಬೇಡವೆಂದರು. ಮಿಷನ್ನಿನ ಸಂಬಳವಿಲ್ಲ, ಹಣಕ್ಕಾಗಿ ಯಾಚನೆಯಿಲ್ಲ. ಊರೂರಿನ ಸಭೆಯನ್ನು ಅಲ್ಲಿಯ ಹಿರಿಯರೇ ನಡೆಸತಕ್ಕದ್ದು. ಗೋಲ್ಕೊಂಡ ಚೌರಸ್ತೆಯ ಬಳಿಯ ಹೆಬ್ರೋನ್ ಅವರ ನೆಲೆ. ಅಲ್ಲಿಯ ವಾರ್ಷಿಕ ಕೂಟಗಳಲ್ಲಿ ಚಪ್ಪರದ ಕೆಳಗೆ ನೆಲದ ಮೇಲೆ ಕುಳಿತು, ತೆಲುಗರು, ತಮಿಳರು, ಕನ್ನಡಿಗರು, ಮೇಲು ಕೀಳೆಂದು ಊರಿನಲ್ಲಿ ಎಣಿಸಿಕೊಂಡ ಜಾತಿಗಳವರು ಸಾಲಾಗಿ ಉಂಡರು. ಉಪದೇಶಕ್ಕಿಂತ ಆ ಪಂಕ್ತಿಯೇ ದೊಡ್ಡದೆಂದು ನಮಗೆ ತೋರುತ್ತದೆ. ಬೆಲ್ಲು ಹೊಡೆದಾಗ ಮಿಲ್ಲಿನಲ್ಲಿ ಯಾರು ಯಾರ ಬುತ್ತಿಯ ಪಕ್ಕದಲ್ಲಿ ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ ಎಂಬುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇಷ್ಟಾದರೂ ಜನ ಆ ಸಭೆಗಳನ್ನು ಏನೆಂದು ಕರೆದರು? ಬಖ್ತ್ ಸಿಂಗರ ಸಭೆಗಳೆಂದು! ಯಾವ ಹೆಸರೂ ಬೇಡವೆಂದವರ ಹೆಸರೇ ಹಲಗೆಯಾಗಿ ನಿಂತಿತು. ಇದಕ್ಕೆ ಅವರನ್ನು ದೂರಲಾಗದು. ದಾರಿ ತೋರಿದವರ ಹೆಸರನ್ನು ನೆನೆಯುವುದು ಕೃತಜ್ಞತೆ; ಅದು ಬೇಡವೆನ್ನುವವರು ಮನುಷ್ಯರೇ ಅಲ್ಲ. ಆದರೆ ಆ ಹೆಸರು ಹೇಳದವನನ್ನು ಪಂಕ್ತಿಯಿಂದ ಎಬ್ಬಿಸಿದರೆ ಅದು ಬೇರೆಯೇ ಆಯಿತು. ಮುಂದಾಳಿನ ಒಂದು ಮಾತನ್ನು ‘ಇದು ನನಗೆ ಸರಿಕಾಣದು’ ಎಂದವನು ನಾಳೆಯೂ ಅದೇ ಚಾಪೆಯ ಮೇಲೆ ಕೂರಬಹುದೇ? ಯಾವ ಸಭೆಯನ್ನೇ ಆಗಲಿ, ಯಾವ ಯೂನಿಯನ್ನನ್ನೇ ಆಗಲಿ, ನಮ್ಮ ಈ ಸಂಘವನ್ನೂ ಸೇರಿಸಿ, ನಾವು ಹೀಗೆ ಕೇಳಿ ನೋಡುತ್ತೇವೆ.

ಬಖ್ತ್ ಸಿಂಗರು ಕಡೆಯ ವರ್ಷಗಳಲ್ಲಿ ನಡುಕದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಬಹುಕಾಲ ಉಪದೇಶವೂ ನಿಂತಿತ್ತು. ಸಭೆಗಳು ಮಾತ್ರ ನಿಲ್ಲಲಿಲ್ಲ. 2000ದ ಸೆಪ್ಟೆಂಬರ್ 17ರಂದು ಇದೇ ಊರಿನಲ್ಲಿ ತೀರಿಕೊಂಡಾಗ ಸಾವಿರಾರು ಜನ ಸೇರಿದರು. ಮಣ್ಣಾದದ್ದು ನಾರಾಯಣಗೂಡದ ಸ್ಮಶಾನದಲ್ಲಿ.

ಹಿಂದಿನ ಬೆಂಚಿನಲ್ಲಿ ಕುಳಿತಿರುವ ಬೀದರಿನ ಗೆಳೆಯರಿಗೆ ಈ ಮಾತುಗಳಲ್ಲಿ ಕೆಲವು ಒಪ್ಪಿಗೆಯಾಗಿಲ್ಲವೆಂದು ಅವರ ಮುಖವೇ ಹೇಳುತ್ತಿದೆ. ವಾಚನಾಲಯದ ಬಾಗಿಲು ಹಾಕಲು ಇನ್ನೂ ಕಾಲು ಗಂಟೆ ಇದೆ. ಅವರು ಎದ್ದು ಮಾತನಾಡಬೇಕೆಂದು ಕೇಳಿಕೊಳ್ಳುತ್ತೇವೆ.