ತವರು ಬಿಟ್ಟ ತಾರೆಗಳು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್‌ಗೆ ಸೌದೆ ಹಾಕುತ್ತ ರಾತ್ರಿಯಿಡೀ ಎದ್ದಿರುವ ರೈತರಿದ್ದಾರೆ. ಸೆಪ್ಟೆಂಬರಿನ ಬೆಳಗಿನ ಜಾವ ಅವರು ತಲೆಯೆತ್ತಿದರೆ ಸಾಲಾಗಿ ನಿಂತ ಮೂರು ಚುಕ್ಕಿ ಕಾಣುತ್ತವೆ. ಅವು ಇರುವುದು ಮಹಾವ್ಯಾಧ ಎಂಬ ತಾರಾಪುಂಜದಲ್ಲಿ. ನಮ್ಮ ಮಳೆ ಲೆಕ್ಕದ ಮೃಗಶಿರ, ಆರಿದ್ರೆ ಎರಡೂ ಅಲ್ಲೇ ಇವೆ. ಆ ಮೂರು ಚುಕ್ಕಿಗಳ ಬಳಿಯ ಮಬ್ಬು ಮೋಡ ತಾರೆಗಳ ಹೆರಿಗೆಮನೆ.

ಅಂಥ ಮೋಡದಲ್ಲಿ ಹುಟ್ಟುವ, ಸೂರ್ಯನ ಇಪ್ಪತ್ತು ಪಟ್ಟು ತೂಕದ ತಾರೆ ಬದುಕುವುದು ಸುಮಾರು 1 ಕೋಟಿ ವರ್ಷ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಇಂಥ ಭಾರಿ ತಾರೆಗಳು ಹುಟ್ಟುವುದು ಆಕಾಶಗಂಗೆಯ ತೆಳುವಾದ ತಟ್ಟೆಯಲ್ಲಿ, ಅನಿಲ ದಟ್ಟವಾಗಿರುವ ಕಡೆ. ಆದರೂ ಕೆಲವು ಆ ತಟ್ಟೆಯಿಂದ ಸಾವಿರಾರು ಜ್ಯೋತಿರ್ವರ್ಷ ಆಚೆ ಸಿಕ್ಕವು. ಕೆಲವನ್ನು ಪರೀಕ್ಷಿಸಿದಾಗ, ಎಳೆಯವುಗಳಂತೆ ತೋರುವ ಮುದಿ ತಾರೆಗಳೆಂದು ತಿಳಿಯಿತು. ಉಳಿದವು ನಿಜಕ್ಕೂ ಎಳೆಯವೇ. ಅಷ್ಟು ಕಡಿಮೆ ಆಯಸ್ಸಿನಲ್ಲಿ ಅಷ್ಟು ದೂರ ಹೋದದ್ದು ಹೇಗೆ?

1954ರಲ್ಲಿ ಬ್ಲಾವ್ ಮತ್ತು ಮಾರ್ಗನ್ ಎಂಬ ವಿಜ್ಞಾನಿಗಳು ಎರಡು ತಾರೆಗಳ ಜಾಡು ಹಿಡಿದರು. ಒಂದು ಬ್ರಹ್ಮಹೃದಯ ತಾರೆಯಿರುವ ಪುಂಜದಲ್ಲಿ, ಇನ್ನೊಂದು ದಕ್ಷಿಣದ ಕಪೋತ ಪುಂಜದಲ್ಲಿ. ಎರಡೂ ಸೆಕೆಂಡಿಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಓಡುತ್ತಿವೆ. ಬಂದ ದಾರಿಯನ್ನು ಹಿಂದಕ್ಕೆ ಎಳೆದರೆ, ಸುಮಾರು 25 ಲಕ್ಷ ವರ್ಷದ ಹಿಂದೆ ಎರಡೂ ಮಹಾವ್ಯಾಧದಲ್ಲೇ ಇದ್ದವು!

ತಳ್ಳಿದವರು ಯಾರು? 1961ರಲ್ಲಿ ಬ್ಲಾವ್ ಒಂದು ಉತ್ತರ ಕೊಟ್ಟರು. ಜೋಡಿ ತಾರೆಗಳಲ್ಲಿ ಒಂದು ಸಿಡಿದು ಹೋದರೆ ಅದರ ಹಿಡಿತ ತಪ್ಪಿ, ಕವಣೆಯಿಂದ ಬಿಟ್ಟ ಕಲ್ಲಿನಂತೆ ಇನ್ನೊಂದು ಹಾರಿಹೋಗುತ್ತದೆ. 1967ರಲ್ಲಿ ಮೆಕ್ಸಿಕೋದ ಪೊವೆಡಾ ಮತ್ತು ಸಂಗಡಿಗರು ಮತ್ತೊಂದು ದಾರಿ ತೋರಿಸಿದರು: ಒತ್ತೊತ್ತಾದ ತಾರಾಗುಂಪಿನಲ್ಲಿ ತಾರೆಗಳು ತೀರ ಹತ್ತಿರ ಹಾಯ್ದಾಗ ಪರಸ್ಪರ ಸೆಳೆತವೇ ಕೆಲವನ್ನು ಹೊರಗೆಸೆಯುತ್ತದೆ. ಮೂರನೆಯ ದಾರಿಯನ್ನು 1988ರಲ್ಲಿ ಹಿಲ್ಸ್ ಸೂಚಿಸಿದರು; ಆಕಾಶಗಂಗೆಯ ನಡುವಿನ ಕಪ್ಪುಕುಳಿಯೇ ತಾರೆಯನ್ನು ಚಿಮ್ಮಿಸಬಲ್ಲದು. 2005ರಲ್ಲಿ ಅಂಥ ಅತಿವೇಗದ ತಾರೆಯೊಂದು ಸಿಕ್ಕಿತು.

ಹಿಪಾರ್ಕೋಸ್ ಉಪಗ್ರಹದ ಅಳತೆಗಳಿಂದ 2001ರಲ್ಲಿ ಮಹಾವ್ಯಾಧದ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು. ಅಲ್ಲಿಂದ ಓಡಿದ ಆ ಎರಡು ತಾರೆಗಳನ್ನೂ ತಳ್ಳಿದ್ದು ಸಿಡಿತವಲ್ಲ, ಗುಂಪಿನೊಳಗಿನ ಸೆಳೆದಾಟ. 2013ರಲ್ಲಿ ಹಾರಿದ ಗಾಯಾ ನೌಕೆ ನೂರು ಕೋಟಿಗೂ ಹೆಚ್ಚು ತಾರೆಗಳ ಓಟವನ್ನು ಅಳೆದಿದೆ. ಇಂಥ ಬಿಸಿಯಾದ ಭಾರಿ ತಾರೆಗಳು ಹೆಚ್ಚು ಬೆಳಗುವುದು ನೇರಳಾತೀತ ಬೆಳಕಿನಲ್ಲಿ. ಆ ಬೆಳಕನ್ನು ನೋಡುವ ದೂರದರ್ಶಕ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾಗಿ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಆಕಾಶಕ್ಕೇರಿತು.

ಕಂಡ ಜಾಗವೇ ಹುಟ್ಟಿದ ಜಾಗವಲ್ಲ. ಓಟದ ದಿಕ್ಕು ನೋಡಿದರೆ ತವರು ಸಿಗುತ್ತದೆ. ಬ್ಯಾರನ್ ಮುಂದೆ ಕೂತ ಜಾವದಲ್ಲಿ ಆ ಮೂರು ಚುಕ್ಕಿಗಳನ್ನು ಮಕ್ಕಳಿಗೂ ತೋರಿಸಿ, ಈ ಕಥೆ ಹೇಳಿ.