ನಲವತ್ತರಲ್ಲಿ ಎಂ.ಬಿ.ಎ.: ಲೆಕ್ಕ ಹಾಕಿ ನೋಡೋಣ

(ಪೊನ್ನಂಪೇಟೆಯಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂಥ ಸಭೆಗಳಲ್ಲಿ ಕೂಲಿಯ ವಿಚಾರ, ಬೋನಸ್ಸಿನ ವಿಚಾರ ಮಾತನಾಡುವುದು ವಾಡಿಕೆ. ಇಂದು ನಾವು ಬೇರೊಂದು ವಿಷಯವನ್ನು ಹಿಡಿದು ಬಂದಿದ್ದೇವೆ. ಕಳೆದ ಕೆಲವು ತಿಂಗಳಲ್ಲಿ ಮೂವರು ನಮ್ಮಲ್ಲಿಗೆ ಬಂದು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತರು. ಒಬ್ಬರು ಎಸ್ಟೇಟಿನಲ್ಲಿ ರೈಟರು. ಇನ್ನೊಬ್ಬರು ಗೋಣಿಕೊಪ್ಪಲಿನಲ್ಲಿ ದಿನಸಿ ಅಂಗಡಿ ಇಟ್ಟವರು. ಮೂವರೂ ಪದವೀಧರರು, ಮೂವರಿಗೂ ನಲವತ್ತರ ಆಸುಪಾಸು. ಅವರ ಪ್ರಶ್ನೆ ಇಷ್ಟೆ: “ಈ ವಯಸ್ಸಿನಲ್ಲಿ ಎಂ.ಬಿ.ಎ.ಗೆ ಅರ್ಜಿ ಹಾಕಬಹುದೆ? ಹಾಕಿದರೆ ಗಿಟ್ಟುತ್ತದೆಯೆ?”

ಗುಮಾಸ್ತರ ಸಂಗತಿಯನ್ನು ಕೇಳಿ. ಹದಿನೇಳು ವರ್ಷ ಅವರು ಚೀಲ ಎಣಿಸಿದ್ದಾರೆ, ತೂಕ ಬರೆದಿದ್ದಾರೆ, ಔಟ್‌ಟರ್ನ್ ಲೆಕ್ಕ ಹಾಕಿದ್ದಾರೆ. ಮೇಲಿನ ಜಾಗ ಖಾಲಿಯಾದಾಗ ತಮಗೆ ಸಿಗಬಹುದೆಂದು ನಂಬಿದ್ದರು. ಹೊರಗಿನಿಂದ ಇಪ್ಪತ್ತಾರು ವರ್ಷದ ಎಂ.ಬಿ.ಎ. ಹುಡುಗನೊಬ್ಬ ಬಂದ. ಚೆರಿ ಯಾವುದು, ಪಾರ್ಚ್‌ಮೆಂಟ್ ಯಾವುದು ಎಂದು ಅವನಿಗೆ ತೋರಿಸಿಕೊಟ್ಟವರು ಈ ಗುಮಾಸ್ತರೇ. ಈಗ ಅವರ ರಜಾ ಚೀಟಿಗೆ ಅವನ ರುಜು ಬೇಕು. ಮನೆಯಾಕೆಯ ಒಡವೆಯನ್ನೂ ಎರಡೆಕರೆ ತೋಟವನ್ನೂ ಅಡವಿಟ್ಟು, ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ಎರಡು ವರ್ಷ ಓದಿ ಬರುತ್ತೇನೆ ಎಂದು ಅವರು ಹೊರಟಿದ್ದರು. ಅರ್ಜಿ ಭರ್ತಿಯಾಗಿತ್ತು. ಕೊನೆಯ ದಿನಕ್ಕೆ ಹತ್ತು ದಿನ ಉಳಿದಿತ್ತು.

ಅವರನ್ನು ನಾವು ನಗಲಿಲ್ಲ. ‘ಹೋಗಿ ಬನ್ನಿ’ ಎಂದೂ ಹೇಳಲಿಲ್ಲ. ಕಾಗದ ಪೆನ್ಸಿಲು ಹಿಡಿದು ಒಟ್ಟಿಗೆ ಕುಳಿತೆವು. ಅಂದು ಕಂಡುಕೊಂಡುದನ್ನೇ ಇಲ್ಲಿ ಒಪ್ಪಿಸುತ್ತಿದ್ದೇವೆ.

ಮೊದಲು, ಈ ವಿದ್ಯೆ ನಮಗೆ ಬೇಕೆ ಎಂಬ ಪ್ರಶ್ನೆ. ಅಹಮದಾಬಾದು ಮತ್ತು ಕಲ್ಕತ್ತೆಗಳಲ್ಲಿ 1961ರಲ್ಲಿ, ಬೆಂಗಳೂರಿನಲ್ಲಿ 1973ರಲ್ಲಿ ಸರಕಾರ ಮ್ಯಾನೇಜ್‌ಮೆಂಟ್ ಸಂಸ್ಥೆಗಳನ್ನು ತೆರೆಯಿತು. ಅಲ್ಲಿ ಕಲಿಸುವುದು ಲೆಕ್ಕಪತ್ರ, ಬಂಡವಾಳದ ವಿನಿಯೋಗ, ಮಾರಾಟ, ಸರಕಿನ ಸಾಗಣೆ, ಜನರಿಂದ ಕೆಲಸ ಮಾಡಿಸುವ ಬಗೆ. ಇವು ಮಾಲೀಕರಿಗೆ ಮಾತ್ರ ಬೇಕಾದ ವಿದ್ಯೆಗಳೆಂದು ತಿಳಿಯಬಾರದು. ನಮ್ಮ ಕಾಫಿಯ ಕಥೆಯನ್ನೇ ನೋಡಿ. 1942ರ ಕಾಯಿದೆಯ ನಂತರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸುತ್ತಿದ್ದ, ಹಣ ಕಂತು ಕಂತಾಗಿ ಬರುತ್ತಿತ್ತು. ಬೆಲೆಯ ಚಿಂತೆ ಬೋರ್ಡಿನದು. ತೊಂಬತ್ತರ ದಶಕದಲ್ಲಿ ಅದು ಸಡಿಲವಾಗುತ್ತ ಬಂದು, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಲಂಡನ್ನಿನ ರೊಬಸ್ಟಾ ಧಾರಣೆ, ಡಾಲರಿನ ಬೆಲೆ, ಬ್ರೆಜಿಲ್ ವಿಯಟ್ನಾಮ್‌ಗಳ ಮಳೆ ಬಿಸಿಲು ಎಲ್ಲವೂ ನಮ್ಮ ಕಣಕ್ಕೆ ಬಂದು ಕುಳಿತವು. 2000ದ ನಂತರದ ಎರಡು ಮೂರು ವರ್ಷ ಧಾರಣೆ ಕುಸಿದು ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. 2024ರಲ್ಲಿ ಅದೇ ರೊಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ಮುಟ್ಟಿತು. ಇದರ ನಡೆ ತಿಳಿದವನು ಬದುಕಿದ, ತಿಳಿಯದವನು ಮಧ್ಯವರ್ತಿಯ ಕೈಗೆ ಬಿದ್ದ. ಆದುದರಿಂದ ಈ ವಿದ್ಯೆ ಬೇಡವೆಂದು ನಾವು ಎಂದೂ ಹೇಳುವುದಿಲ್ಲ. ವಿದ್ಯೆ ಬೇಕು. ಆದರೆ ವಿದ್ಯೆ ಬೇರೆ, ಪದವಿಯ ಕಾಗದ ಬೇರೆ.

ನಿಮಗೆಲ್ಲ ಔಟ್‌ಟರ್ನ್ ಗೊತ್ತು. 50 ಕಿಲೋ ಚೆರಿ ಒಡೆದರೆ 26 ಕಿಲೋ ಬೀಜ ಬಂದಿತೆಂದರೆ ಔಟ್‌ಟರ್ನ್ 26. ಚೀಲ ದಪ್ಪಗೆ ಕಂಡ ಮಾತ್ರಕ್ಕೆ ಯಾವ ವರ್ತಕನೂ ಬೆಲೆ ಕಟ್ಟುವುದಿಲ್ಲ. ಎಂ.ಬಿ.ಎ.ಯನ್ನೂ ಹಾಗೆಯೇ ನೋಡಬೇಕು.

ಲೆಕ್ಕಕ್ಕಾಗಿ ಒಂದು ಅಂಕಿ ಹಿಡಿಯೋಣ. ನಿಮ್ಮ ಸಂಬಳ ತಿಂಗಳಿಗೆ 30,000 ರೂಪಾಯಿ. ಕೆಲಸ ಬಿಟ್ಟು ಎರಡು ವರ್ಷ ಓದಿದರೆ ಕೈತಪ್ಪುವ ಸಂಬಳ 7,20,000. ಸಾಧಾರಣ ಖಾಸಗಿ ಕಾಲೇಜಿನ ಶುಲ್ಕ, ಊಟ, ಬಾಡಿಗೆ ಸೇರಿ 8,00,000 ಎನ್ನೋಣ. ಒಟ್ಟು 15,20,000. ಹೆಸರುವಾಸಿ ಸಂಸ್ಥೆಯಾದರೆ ಮಾತೇ ಬೇರೆ, ಬೆಂಗಳೂರಿನ ಐ.ಐ.ಎಂ.ನ ಎರಡು ವರ್ಷದ ಓದಿಗೆ ಶುಲ್ಕವೇ ಇಪ್ಪತ್ತು ಲಕ್ಷ ಮೀರುತ್ತದೆ.

ಇನ್ನು ಆದಾಯ. ಓದಿ ಬಂದ ಮೇಲೆ ತಿಂಗಳಿಗೆ 15,000 ಹೆಚ್ಚು ಸಿಕ್ಕಿತು ಎನ್ನೋಣ. ವರ್ಷಕ್ಕೆ 1,80,000. ಹಾಕಿದ ಹಣ ಮರಳಿ ಬರಲು ಎಂಟೂವರೆ ವರ್ಷ. ಇದು ಬಡ್ಡಿ ಬಿಟ್ಟ ಲೆಕ್ಕ. ಎಂಟು ಲಕ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿಯೇ ವರ್ಷಕ್ಕೆ 80,000. ಹೆಚ್ಚಿದ ಸಂಬಳದ ಅರ್ಧಕ್ಕೆ ಹತ್ತಿರ ಮೊದಲ ವರ್ಷಗಳಲ್ಲಿ ಬ್ಯಾಂಕಿಗೇ ಸಂದಾಯ. ನಲವತ್ತರಲ್ಲಿ ಹೊರಟವನು ನಲವತ್ತೆರಡರಲ್ಲಿ ಓದು ಮುಗಿಸಿ, ಐವತ್ತು ದಾಟಿದ ಮೇಲೆಯೇ ಮೊದಲ ಲಾಭದ ರೂಪಾಯಿ ಕಾಣುವುದು. ಅಷ್ಟರಲ್ಲಿ ಮಗಳ ಕಾಲೇಜು, ತಂದೆತಾಯಿಯರ ಔಷಧಿ. ಹೆಚ್ಚಳ 15,000ದ ಬದಲು 5,000 ಮಾತ್ರವಾದರೆ, ಬಡ್ಡಿ ಬಿಟ್ಟರೂ ಇಪ್ಪತ್ತೈದು ವರ್ಷ ಬೇಕು. ಅಷ್ಟು ದುಡಿಮೆಯ ಕಾಲವೇ ಉಳಿದಿಲ್ಲ. ಇಪ್ಪತ್ತನಾಲ್ಕರ ಹುಡುಗನಿಗೆ ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿದ ದುಡಿಮೆಯುಂಟು. ಅವನ ಲೆಕ್ಕವನ್ನು ನಾವು ನಕಲು ಮಾಡಿದರೆ ತಪ್ಪುತ್ತೇವೆ.

ಇನ್ನೊಂದು ಮಾತು. ಕಾಲೇಜಿಗೇ ಬಂದು ಕೆಲಸ ಕೊಡುವ ಕಂಪೆನಿಗಳು ಹೆಚ್ಚಾಗಿ ಹುಡುಕುವುದು ಎಳೆಯರನ್ನು. ನಡುವಯಸ್ಸಿನವನಿಗೆ ಪದವಿ ಬಾಗಿಲನ್ನು ತಾನೇ ತೆರೆಯುವುದಿಲ್ಲ. ಬಾಗಿಲಿನ ಹಿಂದೆ ಯಾರಾದರೂ ಕಾದಿರಬೇಕು. ಆದುದರಿಂದ ಅರ್ಜಿಗೆ ಮೊದಲು ನಿಮ್ಮ ಮಾಲೀಕರನ್ನು ನೇರವಾಗಿ ಕೇಳಿ: “ಈ ಪದವಿ ತಂದರೆ ಯಾವ ಜಾಗ ಕೊಡುತ್ತೀರಿ? ಎಷ್ಟು ಸಂಬಳ?” ಉತ್ತರ ಬರವಣಿಗೆಯಲ್ಲಿ ಬಂದರೆ ಅದಕ್ಕೆ ಬೆಲೆ. ‘ಓದಿ ಬನ್ನಿ, ನೋಡೋಣ’ ಎಂದರೆ ಆ ಮಾತಿನ ಮೇಲೆ ತೋಟ ಅಡವಿಡಬೇಡಿ.

ಅಡವಿನ ಮಾತು ಬಂದುದರಿಂದ ಹೇಳುತ್ತೇವೆ. ವಿದ್ಯಾಭ್ಯಾಸದ ಸಾಲ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿಯ ಅಡವಿಲ್ಲದೆ ಸಿಗುತ್ತದೆ. ಅದಕ್ಕೆ ಮೇಲಾದರೆ, ಆಯ್ದ ಕೆಲವು ದೊಡ್ಡ ಸಂಸ್ಥೆಗಳನ್ನು ಬಿಟ್ಟು, ಬ್ಯಾಂಕು ಅಡವು ಕೇಳುತ್ತದೆ. ಕೊಡಗಿನ ಜಮ್ಮಾ ಭೂಮಿಯಾದರೋ ಇಡೀ ಒಕ್ಕಕ್ಕೆ ಸೇರಿದ್ದು, ಪಹಣಿಯಲ್ಲಿ ಹಲವರ ಹೆಸರು. ಅದನ್ನು ಸಾಲಕ್ಕೆ ಒಡ್ಡುವುದೆಂದರೆ ಅಣ್ಣತಮ್ಮಂದಿರ ಅನ್ನವನ್ನೂ ಒಡ್ಡಿದಂತೆ. ಮನೆಯವರೆಲ್ಲ ಕುಳಿತು ಒಪ್ಪದೆ ಅಂಥ ಕೆಲಸಕ್ಕೆ ಕೈ ಹಾಕಬಾರದು.

ಹಾಗಾದರೆ ಓದುವುದೇ ಬೇಡವೆ? ಬೇಕು. ಕೆಲಸ ಬಿಡದೆ ಓದುವ ದಾರಿಗಳಿವೆ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲಿದ್ದೇ ಎಂ.ಬಿ.ಎ. ಓದಬಹುದು. ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಇಂಥ ಓದಿಗೆ ಒಟ್ಟು ಒಂದು ಲಕ್ಷ ರೂಪಾಯಿ ತಗಲಿತೆಂದು ಹಿಡಿದರೂ, ತಿಂಗಳಿಗೆ 3,000 ಹೆಚ್ಚು ಸಿಕ್ಕರೆ ಮೂರು ವರ್ಷದೊಳಗೆ ಹಣ ಮರಳುತ್ತದೆ. ಸಂಬಳವೂ ನಿಲ್ಲುವುದಿಲ್ಲ.

ಇಲ್ಲಿಯೂ ಒಂದು ಎಚ್ಚರಿಕೆ. ರಾಜ್ಯ ಮುಕ್ತ ವಿಶ್ವವಿದ್ಯಾಲಯದ 2012-13ರ ನಂತರದ ಓದಿಗೆ ಯು.ಜಿ.ಸಿ. ಮಾನ್ಯತೆ ಕೊಡದೆ ಹೋಯಿತು. 2018ರಲ್ಲಿ ಮಾನ್ಯತೆ ಮರಳಿ ಬಂದಿತು. ನಡುವಿನ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ. ಯಾವ ಸಂಸ್ಥೆಯೇ ಆಗಲಿ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಓದಿಗೆ ಮಾನ್ಯತೆ ಇದೆಯೆ ಎಂದು ಯು.ಜಿ.ಸಿ.ಯ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಿ. ದಲ್ಲಾಳಿಯ ಮಾತು ಸಾಲದು.

ಎಲ್ಲರಿಗೂ ಎಂ.ಬಿ.ಎ.ಯೇ ಬೇಕೆಂದೂ ಇಲ್ಲ. ಕಾಫಿಯ ಗುಣ ಪರೀಕ್ಷೆಯಲ್ಲಿ ಕಾಫಿ ಬೋರ್ಡು ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಚಿಕ್ಕ ಅವಧಿಯ ತರಬೇತಿಗಳೂ ಉಂಟು. ತೋಟದ ಆಡಳಿತಕ್ಕೆಂದೇ 1993ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಪ್ಲಾಂಟೇಷನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಆರಂಭವಾಯಿತು. ಸಹಕಾರ ಸಂಘದಲ್ಲಿ ಕೆಲಸ ಮಾಡುವವರಿಗೆ ಸಹಕಾರ ಡಿಪ್ಲೊಮಾ ಇದೆ. ರೈಟರಿಗೆ ನಾವು ಈ ಕಡೆ ನೋಡಿ ಎಂದೆವು. ಚೀಲದ ಒಳಗನ್ನು ಬಲ್ಲವನಿಗೆ ಅದೇ ಕಸುಬಿನ ಕಾಗದ ಹೆಚ್ಚು ಬಲ ಕೊಡುತ್ತದೆ. ಅಂಗಡಿಯ ಮಿತ್ರರಿಗೆ ಪದವಿ ಬೇಕಾಗಿಯೇ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಲೆಕ್ಕಪತ್ರ, 2017ರಿಂದ ಬಂದ ಜಿ.ಎಸ್.ಟಿ.ಯ ತಿಳಿವಳಿಕೆ, ಉದ್ದರಿ ವಸೂಲಿನ ಶಿಸ್ತು. ಕೇಂದ್ರ ಸರಕಾರದ ‘ಸ್ವಯಂ’ ಎಂಬ ಏರ್ಪಾಟಿನಲ್ಲಿ ಲೆಕ್ಕಪತ್ರದ ಪಾಠಗಳು ಫೋನಿನಲ್ಲಿಯೇ ಬಿಟ್ಟಿಯಾಗಿ ಸಿಗುತ್ತವೆ. ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು ಗಂಟೆ, ಮೂರು ತಿಂಗಳು ಕುಳಿತು ನೋಡಿ ಎಂದೆವು. ಇದು ಎಲ್ಲರಿಗೂ ಒಳ್ಳೆಯ ಪರೀಕ್ಷೆ. ಬಿಟ್ಟಿ ಪಾಠಕ್ಕೆ ಮೂರು ತಿಂಗಳು ಕೂರಲಾಗದವನು ಎಂಟು ಲಕ್ಷ ಕೊಟ್ಟು ಎರಡು ವರ್ಷ ಕೂರುವುದು ಕಷ್ಟ.

ಕೊನೆಯದಾಗಿ, ಗುಮಾಸ್ತರ ನೋವಿಗೆ ಮರಳೋಣ. ಅವರನ್ನು ಸುಟ್ಟದ್ದು ಓದಿನ ಕೊರತೆಯಲ್ಲ, ಹದಿನೇಳು ವರ್ಷದ ಅನುಭವಕ್ಕೆ ಬೆಲೆ ಇಲ್ಲದೆ ಹೋದದ್ದು. ಅದಕ್ಕೆ ಒಬ್ಬೊಬ್ಬರೇ ತೋಟ ಅಡವಿಟ್ಟು ಪದವಿ ತರುವುದು ಮದ್ದಾಗಲಾರದು. ಖಾಲಿಯಾದ ಜಾಗವನ್ನು ಮೊದಲು ಒಳಗಿನವರಿಗೆ ತೋರಿಸಬೇಕು, ಓದುವವರಿಗೆ ಸಂಬಳ ಸಹಿತ ರಜೆ ಕೊಡಬೇಕು ಎಂದು ಎಲ್ಲರೂ ಸೇರಿ ಕೇಳತಕ್ಕದ್ದು. ಸಂಬಳ ಸಹಿತ ಓದಿನ ರಜೆಯನ್ನು ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರಲ್ಲಿಯೇ ಒಡಂಬಡಿಕೆ ಅಂಗೀಕರಿಸಿದೆ. ಇದು ಹೊಸ ಬೇಡಿಕೆಯೇನೂ ಅಲ್ಲ.

ಗುಮಾಸ್ತರು ಏನು ಮಾಡಿದರೆಂದು ಕೇಳುತ್ತೀರಿ. ಮಾಲೀಕರನ್ನು ಕೇಳಿದರು; ‘ನೋಡೋಣ’ ಎಂಬ ಉತ್ತರ ಬಂದಿತು. ಬೆಂಗಳೂರಿನ ಅರ್ಜಿಯನ್ನು ಕಳುಹಿಸಲಿಲ್ಲ. ಮನೆಯಲ್ಲಿದ್ದೇ ಓದುವ ಎಂ.ಬಿ.ಎ.ಗೆ ಸೇರಿದ್ದಾರೆ. ಒಡವೆ ಪೆಟ್ಟಿಗೆಯಲ್ಲಿದೆ, ತೋಟ ಅವರ ಕೈಯಲ್ಲಿದೆ. ರಾತ್ರಿ ಊಟವಾದ ಮೇಲೆ ಮಗಳು ಒಂದು ಕಡೆ, ಅವರು ಒಂದು ಕಡೆ ಪುಸ್ತಕ ಹಿಡಿದು ಕೂರುತ್ತಾರಂತೆ. ಮೇಲಿನ ಜಾಗ ಸಿಗುತ್ತದೆಯೋ ಇಲ್ಲವೋ, ಹೇಳಲಾರೆವು. ಸಿಗದಿದ್ದರೂ ಅವರು ಬೀದಿಗೆ ಬೀಳುವುದಿಲ್ಲ. ಅರ್ಜಿ ಹಾಕಬೇಕೆಂದಿರುವ ಪ್ರತಿಯೊಬ್ಬರೂ ಮೊದಲು ಇಷ್ಟನ್ನು ಭದ್ರ ಮಾಡಿಕೊಳ್ಳಲಿ ಎಂಬುದೇ ನಮ್ಮ ವಿನಂತಿ.