ತೊಟ್ಟಿಲಿನ ಅಕ್ಷರಾಭ್ಯಾಸ



ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ನಾವು ಒಳ್ಳೆಯ ದಿನವನ್ನು ಹುಡುಕುತ್ತೇವೆ. ಆದರೆ ಒಂದು ಧ್ವನಿಯಿಂದ ಇನ್ನೊಂದನ್ನು ಬೇರ್ಪಡಿಸಿ ತಿಳಿಯುವ ವಿದ್ಯೆಯು ಅದಕ್ಕೆ ಬಹು ಮೊದಲೇ, ತೊಟ್ಟಿಲಿನಲ್ಲಿಯೇ, ಯಾವ ಉಪಾಧ್ಯಾಯನ ನೆರವೂ ಇಲ್ಲದೆ ಆರಂಭವಾಗಿರುತ್ತದೆ.

ದಾವಣಗೆರೆಯ ಸಮೀಪದ ಹದಡಿ ಗ್ರಾಮದ ಹೆಸರನ್ನೇ ತೆಗೆದುಕೊಳ್ಳಿ. ಈ ಪುಟ್ಟ ಹೆಸರಿನಲ್ಲಿ ದಕಾರದ ಬೆನ್ನಿಗೇ ಡಕಾರವಿದೆ. ನಾಲಗೆಯ ತುದಿ ಹಲ್ಲಿಗೆ ತಗುಲಿದರೆ ದಕಾರ. ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಗುಲಿಸಿದರೆ ಡಕಾರ. ನಮಗೆ ಸ್ಪಷ್ಟವಾದ ಈ ಭೇದವು ಇಂಗ್ಲಿಷನ್ನೇ ಆಡಿ ಬೆಳೆದವರಿಗೆ ಸುಲಭವಾಗಿ ತಿಳಿಯದು. ಇದು ಹುಟ್ಟಿನಿಂದ ಬಂದ ಕೊರತೆಯೆ?

ಅಲ್ಲವೆಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ತೋರಿಸಿದರು. ಇಂಗ್ಲಿಷ್ ಮನೆಗಳ ಶಿಶುಗಳಿಗೆ ಅವರು ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ಧ್ವನಿ ಬದಲಾದಾಗ ತಲೆ ತಿರುಗಿಸಿದ ಮಗುವಿಗೆ ಕುಣಿಯುವ ಬೊಂಬೆಯ ದರ್ಶನವೇ ಬಹುಮಾನ. 6ರಿಂದ 8 ತಿಂಗಳ ಶಿಶುಗಳಲ್ಲಿ ಬಹುಮಂದಿ ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳವುಗಳಲ್ಲಿ ಕೆಲವು ಮಾತ್ರ. ಹಿಂದಿಯನ್ನು ಕೇಳಿ ಬೆಳೆದ ಶಿಶುಗಳಾದರೋ ವರ್ಷ ತುಂಬುವ ಹೊತ್ತಿಗೂ ಆ ಶಕ್ತಿಯನ್ನು ಉಳಿಸಿಕೊಂಡಿದ್ದವು. ಅಂದರೆ, ಮಗುವು ಹಲವು ಭಾಷೆಗಳಿಗೆ ತೆರೆದ ಕಿವಿಯೊಡನೆ ಹುಟ್ಟಿ, ಮನೆಯಲ್ಲಿ ಬಳಕೆಯಾಗುವ ಭೇದಗಳಲ್ಲಿ ಆ ಕಿವಿಯನ್ನು ಪಳಗಿಸಿಕೊಳ್ಳುತ್ತದೆ. ಹಲ್ಲಿಯೇ ಬೇರೆ, ಹಳ್ಳಿಯೇ ಬೇರೆ ಎಂದು ತಿಳಿಯಬೇಕಾದ ಕನ್ನಡದ ಕೂಸಿಗೆ ಲಕಾರ ಳಕಾರಗಳೂ ಹೀಗೆಯೇ ವಶವಾಗಬೇಕು.

ಈ ಪಾಠವನ್ನು ಯಂತ್ರವು ಹೇಳಿಕೊಡಬಲ್ಲುದೆ? 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎದುರಿಗೆ ಕುಳಿತು ಚೀನೀ ಭಾಷೆಯನ್ನಾಡಿದವರಿಂದ 9 ತಿಂಗಳ ಅಮೆರಿಕದ ಶಿಶುಗಳು 12 ಭೇಟಿಗಳಲ್ಲಿ ಆ ಭಾಷೆಯ ಧ್ವನಿಭೇದವನ್ನು ಗ್ರಹಿಸಿದವು. ಅದೇ ಮಾತನ್ನು ದೂರದರ್ಶನದ ತೆರೆಯಿಂದಲೋ ಬರಿಯ ಧ್ವನಿಮುದ್ರಣದಿಂದಲೋ ಕೇಳಿದವು ಕಲಿಯಲಿಲ್ಲ.

ಇಲ್ಲಿ ತಾಯಿತಂದೆಗಳು ಗಮನಿಸಬೇಕಾದ ಸಂಗತಿಯೊಂದುಂಟು. ಕಿವಿ ಕೇಳದ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ಕೇಕೆ ಹಾಕುತ್ತದೆ, ನಗುತ್ತದೆ. ಆದುದರಿಂದ ಅದರ ಕಿವುಡು ಮನೆಯವರ ಕಣ್ಣಿಗೆ ಬೀಳದಿರಬಹುದು. ‘ಮಾತು ತಡವಾಗಿ ಬಂದೀತು’ ಎಂದು ಕಾಯುತ್ತ ಕುಳಿತರೆ, ಕಿವಿ ಪಳಗುವ ಅಮೂಲ್ಯ ವರ್ಷವೇ ಕಳೆದುಹೋಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಶ್ರವಣಶಕ್ತಿಯನ್ನು ಪರೀಕ್ಷಿಸುವ ಉಪಕರಣಗಳು ಇಂದು ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆಗಳೂ ಇವೆ. ಸಂದೇಹ ಬಂದೊಡನೆ ತೋರಿಸುವುದೇ ವಿವೇಕ.

ಕೇಳಬಲ್ಲ ಮಗುವಿಗೆ ಬೇಕಾದುದು ಮುಖ ನೋಡಿ ಮಾತನಾಡುವ ಮನುಷ್ಯರು. ಆ ಕೆಲಸವನ್ನು ಈ ರೇಡಿಯೋಪೆಟ್ಟಿಗೆಗೆ ವಹಿಸದಿರಿ. ಭಾಷಣವು ಮುಗಿಯಿತು, ಇದನ್ನು ನಿಲ್ಲಿಸಿ, ತೊಟ್ಟಿಲ ಬಳಿ ಹೋಗಿ ನಾಲ್ಕು ಮಾತನಾಡಿ.